ಜೋಕು ಖರ್ಚಾಗದ ಹಾಗೆ: ಮೆಂಬರ್‌ಶಿಪ್ ನಡೆಸಿದ ನನ್ನ ಅನುಭವ

ಹಾಡುಗಾರರಿಗಿರುವ ಒಂದು ಭಾಗ್ಯ ನಮ್ಮಂಥ ಸ್ಟ್ಯಾಂಡಪ್ ಹಾಸ್ಯಗಾರರಿಗಿಲ್ಲ. ಇಷ್ಟವಾದ ಹಾಡನ್ನು ಜನ ನೂರು ಸಲ ಕೇಳುತ್ತಾರೆ. ಗಾಯಕ ವೇದಿಕೆಗೆ ಬಂದ ಕೂಡಲೇ ಅದೇ ಹಾಡು ಬೇಕೆಂದು ಕೂಗುತ್ತಾರೆ. ಜೋಕು ಹಾಗಲ್ಲ. ಒಮ್ಮೆ ಯೂಟ್ಯೂಬಿಗೆ ಹೋಯಿತೆಂದರೆ, ಟಿಕೆಟ್ ಕೊಂಡು ಬಂದವರು ಮುಂದಿನ ಸಾಲಲ್ಲಿ ಕೂತು, ನಾನು ಬಾಯಿ ಬಿಡುವ ಮುಂಚೆಯೇ ಪಕ್ಕದವರ ಕಿವಿಯಲ್ಲಿ ಪಂಚ್ ಹೇಳಿಬಿಟ್ಟಿರುತ್ತಾರೆ. ಹತ್ತು ನಿಮಿಷದ ಒಳ್ಳೆಯ ಸೆಟ್ ಕಟ್ಟಲು, ಹೊಸ ಜೋಕುಗಳನ್ನು ಪರೀಕ್ಷಿಸುವ ಚಿಕ್ಕ ವೇದಿಕೆಗಳಾದ ಓಪನ್ ಮೈಕ್‌ಗಳನ್ನು ತಿಂಗಳುಗಟ್ಟಲೆ ಸುತ್ತಬೇಕು. ಅದು ಖರ್ಚಾಗಲು ಒಂದು ಅಪ್‌ಲೋಡ್ ಸಾಕು.

ಅಭಿಮಾನಿಗಳಿಗೆ ಮಾತ್ರ ಅಂತ ಏನಾದರೂ ಕೊಟ್ಟು ದುಡಿಯಬೇಕು ಎಂದು ಯೋಚಿಸುವ ಸ್ಟ್ಯಾಂಡಪ್ ಕಲಾವಿದರು ಮೊದಲು ಎದುರಿಸಬೇಕಾದ ಪ್ರಶ್ನೆ ಇದು. ತಿಂಗಳು ತಿಂಗಳು ಹಣ ಕೊಟ್ಟು ಚಾನೆಲ್ ಸೇರುವ ಮೆಂಬರ್‌ಗಳಿಗೆ ಹೊಸ ಜೋಕುಗಳನ್ನು ಕೊಟ್ಟರೆ ಶೋಗೆ ಏನು ಉಳಿಯುತ್ತದೆ? ಶೋಗೆ ಇಟ್ಟುಕೊಂಡರೆ ಮೆಂಬರ್‌ಗಳಿಗೆ ಏನು ಕೊಡುವುದು? ಯೂಟ್ಯೂಬ್‌ನಲ್ಲಿ ಮೆಂಬರ್ ಆಗಲು ಒತ್ತುವ ಜಾಯಿನ್ ಬಟನ್ ತೆರೆಯುವ ಮುಂಚೆ ನಾನು ಇದರ ಬಗ್ಗೆಯೇ ಹೆಚ್ಚು ಕಾಲ ತಲೆ ಕೆಡಿಸಿಕೊಂಡೆ. ಆಗ ಸಿಕ್ಕ ಉತ್ತರದ ಮೇಲೆಯೇ ಇವತ್ತಿಗೂ ನನ್ನ ಮೆಂಬರ್‌ಶಿಪ್ ನಿಂತಿದೆ: ಖರ್ಚಾಗುವ ಸರಕನ್ನು ಅಲ್ಲಿ ಮಾರುವುದಿಲ್ಲ.

ಹಣದ ಹಿನ್ನೆಲೆ ಸ್ವಲ್ಪ ಹೇಳಬೇಕು. ಕನ್ನಡದಲ್ಲಿ ಹಾಸ್ಯ ಮಾಡುವವರಿಗೆ ನವೆಂಬರ್ ಸುಗ್ಗಿ. ಇಡೀ ತಿಂಗಳು ರಾಜ್ಯೋತ್ಸವ. ಐಟಿ ಕಂಪನಿಗಳು, ಅಪಾರ್ಟ್‌ಮೆಂಟ್ ಸಂಘಗಳು, ಬಡಾವಣೆಗಳ ಕನ್ನಡ ಸಂಘಗಳು ಎಲ್ಲವೂ ಒಟ್ಟಿಗೆ ಕರೆಯುತ್ತವೆ. ಗಣೇಶನ ಹಬ್ಬದ ಸುತ್ತಮುತ್ತ ಇನ್ನೊಂದಿಷ್ಟು. ಆಮೇಲೆ ಮಾರ್ಚ್ ಬಂತೆಂದರೆ ಪರೀಕ್ಷೆ, ಏಪ್ರಿಲ್‌ನಲ್ಲಿ ಐಪಿಎಲ್, ಆಷಾಢಕ್ಕೆ ಮಳೆ, ಫೋನ್ ಸುಮ್ಮನಾಗುತ್ತದೆ. ಮನೆ ಬಾಡಿಗೆಗೆ ಆಷಾಢ ಗೊತ್ತಿಲ್ಲ. ಲೋಲ್‌ಬಾಗ್‌ನಂಥ ತಂಡಗಳ ದೆಸೆಯಿಂದ ಬೆಂಗಳೂರಿನಲ್ಲಿ ಕನ್ನಡ ಸ್ಟ್ಯಾಂಡಪ್‌ಗೆ ಟಿಕೆಟ್ ಕೊಂಡು ಬರುವ ಪ್ರೇಕ್ಷಕರು ಹುಟ್ಟಿಕೊಂಡಿದ್ದಾರೆ, ನಿಜ. ಆದರೂ ವರ್ಷದ ಹನ್ನೆರಡು ತಿಂಗಳೂ ಹಾಲ್ ತುಂಬಿಸುವುದು ಎಲ್ಲರ ಕೈಲಾಗುವ ಕೆಲಸವಲ್ಲ. ಜಾಹೀರಾತಿನ ಹಣ ವ್ಯೂಸ್ ಜತೆ ಏರಿ ಇಳಿಯುತ್ತದೆ. ಸ್ಪಾನ್ಸರ್ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ನನಗೆ ಬೇಕಿದ್ದದ್ದು ಚಿಕ್ಕದಾದರೂ ತಿಂಗಳು ತಿಂಗಳು ತಪ್ಪದೆ ಬರುವ ಮೊತ್ತ.

ನಗೆಗೆ ಜನ ಹಣ ಕಟ್ಟುವುದೇನೂ ಹೊಸ ಸಂಗತಿಯಲ್ಲ. ವೃತ್ತಿಯಲ್ಲಿ ವೈದ್ಯರಾಗಿದ್ದ ಹಾಸ್ಯ ಲೇಖಕ ರಾಶಿ (ಎಂ. ಶಿವರಾಂ) 1942ರಲ್ಲಿ 'ಕೊರವಂಜಿ' ಶುರು ಮಾಡಿದರು. ನಗೆಗೆಂದೇ ಮೀಸಲಾದ ಆ ಮಾಸಿಕ 1967ರವರೆಗೆ ನಡೆಯಿತು. ಚಂದಾ ಕಟ್ಟಿ ಹಾಸ್ಯ ಓದಿದ ಒಂದು ಇಡೀ ಪೀಳಿಗೆ ನಮ್ಮ ಹಿಂದಿದೆ. ಆಮೇಲೆ ಮಾಸ್ಟರ್ ಹಿರಣ್ಣಯ್ಯನವರ ಕ್ಯಾಸೆಟ್ ಬಂದವು, ಗಂಗಾವತಿ ಪ್ರಾಣೇಶರ ಸಿಡಿ ಬಂದವು. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಂಡು ಹೋಗುತ್ತಿದ್ದರು ನಮ್ಮ ಜನ. ಕನ್ನಡಿಗರು ನಗೆಗೆ ದುಡ್ಡು ಬಿಚ್ಚುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದೇ ಇಲ್ಲ.

ಸರಿ, ಏನು ಕೊಡುತ್ತೇನೆ ಎನ್ನುವುದಕ್ಕೆ ಬರುತ್ತೇನೆ.

ಮೆಂಬರ್‌ಗಳಿಗೆ ಬಹಳ ಇಷ್ಟವಾದದ್ದು 'ಕರಡು' ಎಂಬ ಮಾಲಿಕೆ. ತಿಂಗಳಿಗೊಂದು ಕಂತು. ಆಗಲೇ ಯೂಟ್ಯೂಬ್‌ನಲ್ಲಿ ಎಲ್ಲರೂ ನೋಡಿರುವ ಒಂದು ಬಿಟ್, ಅಂದರೆ ಒಂದು ವಿಷಯದ ಮೇಲಿನ ಜೋಕಿನ ತುಣುಕು, ಎತ್ತಿಕೊಳ್ಳುತ್ತೇನೆ. ಅದು ಮೊದಲ ಓಪನ್ ಮೈಕ್‌ನಲ್ಲಿ ಹೇಗಿತ್ತು, ನಡುವೆ ಏನಾಯಿತು, ಕೊನೆಗೆ ಹೇಗೆ ನಿಂತಿತು ಎನ್ನುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದ್ದ ಹಳೆಯ ಆಡಿಯೊಗಳ ಸಮೇತ ತೋರಿಸುತ್ತೇನೆ. ಜೋಕು ಹೇಗೂ ಖರ್ಚಾಗಿದೆ. ಆದರೆ ಅದು ಹುಟ್ಟಿದ ಕತೆಯನ್ನು ಯಾರೂ ಕೇಳಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ನಮ್ಮೂರು ತಿಪಟೂರು ಕಡೆ, ತೆಂಗಿನ ಸೀಮೆ. ಅಜ್ಜಿ ಬೆಂಗಳೂರಿಗೆ ಬಂದು ಎಳನೀರು ಕುಡಿಯುವ ಬಿಟ್ ಒಂದಿತ್ತು. ಮೊದಲ ರೂಪದಲ್ಲಿ ಎಳನೀರಿನವನು ಎಪ್ಪತ್ತು ರೂಪಾಯಿ ಎನ್ನುತ್ತಾನೆ, ಅಜ್ಜಿ ಹೌಹಾರುತ್ತಾಳೆ, ಅಲ್ಲಿಗೆ ಮುಗಿಯಿತು. ಜನ ಮುಗುಳ್ನಕ್ಕರು, ಅಷ್ಟೇ. ಬೆಲೆ ಕೇಳಿ ಹಳ್ಳಿಯವರು ಬೆಚ್ಚುವುದನ್ನು ಎಲ್ಲರೂ ಊಹಿಸಿರುತ್ತಾರೆ. ಎರಡನೆಯ ರೂಪದಲ್ಲಿ ಅಜ್ಜಿಯ ಕೈಲಿ ಚೌಕಾಸಿ ಮಾಡಿಸಿದೆ. ಉದ್ದವಾಯಿತು, ನಗು ಹೆಚ್ಚಲಿಲ್ಲ. ಮೂರನೆಯದರಲ್ಲಿ ಅಜ್ಜಿ ಬೆಚ್ಚುವುದೇ ಇಲ್ಲ. ಮಾತಿಲ್ಲದೆ ದುಡ್ಡು ಕೊಡುತ್ತಾಳೆ, ನೀರು ಕುಡಿಯುತ್ತಾಳೆ, ಬುರುಡೆ ಒಡೆಸಿ ಗಂಜಿ ತಿನ್ನುತ್ತಾಳೆ. ಆಮೇಲೆ ಎರಡು ಹೋಳು ಚಿಪ್ಪನ್ನೂ ಎತ್ತಿ ಕೈಚೀಲಕ್ಕೆ ಹಾಕಿಕೊಳ್ಳುತ್ತಾಳೆ. "ಅದ್ಯಾಕಜ್ಜಿ?" ಅಂದರೆ, "ಎಪ್ಪತ್ತು ರೂಪಾಯ್ ಕೊಟ್ಟಿವ್ನಿ ಕಣೋ. ಬಾಡಿಗೆಗಲ್ಲ, ಕ್ರಯಕ್ಕೇ ತಗಂಡಿರೋದು!"

ಸೈಟು, ಲೀಸು, ಬಾಡಿಗೆ ಎಂದು ಒದ್ದಾಡುವ ಬೆಂಗಳೂರಿನ ಹಾಲ್ ಆ ಕೊನೆಯ ಸಾಲಿಗೆ ಸ್ಫೋಟಿಸಿತು. 'ಕರಡು' ಕಂತಿನಲ್ಲಿ ಮೂರೂ ಆಡಿಯೊ ಒಂದರ ಹಿಂದೊಂದು ಕೇಳಿಸಿ, ಮೊದಲೆರಡರಲ್ಲಿ ಅಜ್ಜಿ ಸೋಲುತ್ತಿದ್ದಳು, ಮೂರನೆಯದರಲ್ಲಿ ಗೆದ್ದಳು ಎಂದು ವಿವರಿಸಿದೆ. ಕಮೆಂಟುಗಳಲ್ಲಿ ಜನ ತಂತಮ್ಮ ಅಜ್ಜಿಯರ ಕತೆ ಬರೆಯತೊಡಗಿದರು. ಒಬ್ಬ ಮೇಷ್ಟ್ರು ಆ ಕಂತನ್ನು ಇಟ್ಟುಕೊಂಡು ಮಕ್ಕಳಿಗೆ ಕತೆ ತಿದ್ದುವುದನ್ನು ಹೇಳಿಕೊಟ್ಟೆ ಎಂದು ಬರೆದರು. ಹೊಸ ಜೋಕು ಬೇಕು ಎಂದು ಒಬ್ಬರೂ ಕೇಳಲಿಲ್ಲ. ನಿಜವಾದ ಅಭಿಮಾನಿಗೆ ಬೇಕಾದದ್ದು ಇನ್ನಷ್ಟು ನಗುವಲ್ಲ, ಕಸುಬಿನ ಒಳಗೆ ಒಂದು ಜಾಗ. ಅದನ್ನು ಕೊಡಲು ನನಗೆ ಸಂಕೋಚವಿಲ್ಲ, ಸಂತೋಷವಿದೆ.

ಖರ್ಚಾಗದ ಇನ್ನೊಂದು ಸರಕು ಕ್ರೌಡ್‌ವರ್ಕ್. ಪ್ರೇಕ್ಷಕರ ಜೊತೆ ಆ ಕ್ಷಣಕ್ಕೆ ಹುಟ್ಟುವ ಮಾತುಕತೆ ಇನ್ನೊಂದು ಊರಿನಲ್ಲಿ ಮರುಕಳಿಸುವುದಿಲ್ಲ. ದಾವಣಗೆರೆಯಲ್ಲಿ ಬೆಣ್ಣೆದೋಸೆ ಹೋಟೆಲಿನವರ ಜೊತೆ ನಡೆದದ್ದು ದಾವಣಗೆರೆಗೇ ಸರಿ. ಇಂಥ ತುಣುಕುಗಳನ್ನು ಊರಿನ ಹೆಸರಿನಲ್ಲಿ ಜೋಡಿಸಿ ಮೆಂಬರ್‌ಗಳಿಗೆ ಹಾಕುತ್ತೇನೆ. ಆದರೆ ಇಲ್ಲಿ ಒಂದು ಕಟ್ಟುನಿಟ್ಟು ಇದೆ. ರೆಕಾರ್ಡಿಂಗ್ ಇದೆ ಎಂದು ಬಾಗಿಲಲ್ಲೇ ಬೋರ್ಡ್ ಹಾಕುತ್ತೇವೆ. ಅದಷ್ಟೇ ಸಾಲದು. ಶೋ ಮುಗಿದ ಮೇಲೆ ಮಾತಾಡಿದವರನ್ನು ಹುಡುಕಿ, ಹಾಕಬಹುದೇ ಎಂದು ಕೇಳುತ್ತೇವೆ. ಚಿಕ್ಕಮಗಳೂರಿನಲ್ಲಿ ಒಬ್ಬ ಟೀಚರ್ ಅದ್ಭುತವಾಗಿ ಉತ್ತರ ಕೊಟ್ಟಿದ್ದರು. ಇಡೀ ಹಾಲ್ ಅವರ ಪರವಾಗಿತ್ತು. ಆಮೇಲೆ ಕೇಳಿದಾಗ, "ಮಾತಾಡಿದ್ದು ಖುಷಿ ಆಯ್ತು ಸರ್, ಆದ್ರೆ ಹಾಕ್ಬೇಡಿ, ಸ್ಕೂಲಲ್ಲಿ ಮಕ್ಕಳು ನೋಡ್ತಾರೆ" ಅಂದರು. ಅವರ ಕಣ್ಣೆದುರೇ ಕ್ಯಾಮೆರಾದಿಂದ ಅಳಿಸಿದೆವು. ಮೆಂಬರ್‌ಗಳು ಕೊಡುವ ದುಡ್ಡಿಗಾಗಿ ಇನ್ನೊಬ್ಬರ ಇರುಸುಮುರುಸನ್ನು ಮಾರುವ ಹಕ್ಕು ನನಗಿಲ್ಲ.

ಇನ್ನು ಲೆಕ್ಕ. ಯೂಟ್ಯೂಬ್ ಮೆಂಬರ್‌ಶಿಪ್ ತೆರೆಯಲು ಲಕ್ಷ ಸಬ್‌ಸ್ಕ್ರೈಬರ್‌ಗಳು ಬೇಕೆಂದು ಅನೇಕರು ತಿಳಿದಿದ್ದಾರೆ. ಬೇಕಿಲ್ಲ. 500 ಸಬ್‌ಸ್ಕ್ರೈಬರ್, ಕಳೆದ 90 ದಿನಗಳಲ್ಲಿ ಮೂರು ವಿಡಿಯೊ, ಜೊತೆಗೆ ಒಂದು ವರ್ಷದಲ್ಲಿ 3,000 ಗಂಟೆ ವೀಕ್ಷಣೆ ಅಥವಾ 90 ದಿನಗಳಲ್ಲಿ 30 ಲಕ್ಷ ಶಾರ್ಟ್ಸ್ ವ್ಯೂಸ್ ಇದ್ದರೆ ಅರ್ಜಿ ಹಾಕಬಹುದು. ಜಾಹೀರಾತಿನ ಹಣಕ್ಕೆ 1,000 ಸಬ್‌ಸ್ಕ್ರೈಬರ್, 4,000 ಗಂಟೆ ಬೇಕು. ಅಂದರೆ ಜಾಹೀರಾತಿಗಿಂತ ಮೊದಲೇ ಅಭಿಮಾನಿಗಳ ಹಣ ಬರಲು ದಾರಿ ಇದೆ. ಕನ್ನಡದಂಥ ಭಾಷೆಯಲ್ಲಿ ಕೆಲಸ ಮಾಡುವವರಿಗೆ ಇದು ದೊಡ್ಡ ವಿಷಯ.

ನಾನು ಎರಡೇ ಹಂತ ಇಟ್ಟಿದ್ದೇನೆ: 59 ರೂಪಾಯಿ, 159 ರೂಪಾಯಿ. ಅಭಿಮಾನಿ ಕೊಡುವ 59 ರೂಪಾಯಿಯಲ್ಲಿ ಜಿಎಸ್‌ಟಿ ಸೇರಿರುತ್ತದೆ. ಶೇ 18 ತೆಗೆದರೆ 50 ಉಳಿಯುತ್ತದೆ. ಅದರಲ್ಲಿ ಶೇ 30 ಯೂಟ್ಯೂಬಿಗೆ, ನಮ್ಮ ಪಾಲು 35. 159ರಲ್ಲಿ ನಮಗೆ ಸಿಗುವುದು 94ರ ಆಸುಪಾಸು. ಮುನ್ನೂರು ಜನ 59 ಕೊಟ್ಟರೆ ತಿಂಗಳಿಗೆ ಹತ್ತು ಸಾವಿರದ ಐನೂರು. ಕೇಳಲು ಸಣ್ಣ ಮೊತ್ತ. ಆದರೆ ಆಷಾಢದಲ್ಲಿ, ಒಂದು ಶೋ ಕೂಡ ಇಲ್ಲದಿರುವಾಗ, ಎಡಿಟರ್‌ಗೆ ಕೊಡಬೇಕಾದ ಸಂಬಳವನ್ನು ತಡಮಾಡದೆ ಕೊಡಲು ಸಾಧ್ಯವಾದದ್ದು ಇಂಥದ್ದೇ ಮೊತ್ತದಿಂದ.

59ರವರಿಗೆ 'ಕರಡು', ಕ್ರೌಡ್‌ವರ್ಕ್ ತುಣುಕು, ತಿಂಗಳಿಗೊಂದು ಪ್ರಶ್ನೆಯ ಪೋಸ್ಟ್. 159ರವರಿಗೆ ತಿಂಗಳಿಗೊಮ್ಮೆ ಲೈವ್, ಜೊತೆಗೆ ಟ್ರಯಲ್ ಶೋಗಳ ಟಿಕೆಟ್ ಲಿಂಕ್ ಎಲ್ಲರಿಗಿಂತ ಎರಡು ದಿನ ಮುಂಚೆ. ಸಾವಿರ ರೂಪಾಯಿಗೆ ಫೋನ್ ಕರೆ, ಹುಟ್ಟುಹಬ್ಬದ ವಿಡಿಯೊ ಇಡು ಎಂದು ಗೆಳೆಯರು ಸಲಹೆ ಕೊಟ್ಟರು. ಇಡಲಿಲ್ಲ. ಇಪ್ಪತ್ತು ಜನ ಅದನ್ನು ಕೊಂಡರೆ ಬರೆಯುವ ಬೆಳಗಿನ ಹೊತ್ತೆಲ್ಲ ಅದಕ್ಕೇ ಹೋಗುತ್ತದೆ. ಒಂದೇ ವಿಡಿಯೊವನ್ನು ಐವತ್ತು ಜನ ನೋಡಲಿ, ಐನೂರು ಜನ ನೋಡಲಿ, ನನ್ನ ಶ್ರಮ ಅಷ್ಟೇ. ಫೋನ್ ಕರೆ ಹಾಗಲ್ಲ.

ಎಲ್ಲವನ್ನೂ ವಾರವಾರಕ್ಕೆ ಹಂಚಿ ಹಾಕುವುದಕ್ಕೆ ಕಾರಣವಿದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 2021ರ ಅಕ್ಟೋಬರ್‌ನಿಂದ ಕಾರ್ಡಿನ ಆಟೊ ಡೆಬಿಟ್‌ಗೆ ಮೊದಲೇ ಒಪ್ಪಿಗೆ ನೋಂದಾಯಿಸಬೇಕು, ಹಣ ಕಡಿತವಾಗುವ 24 ಗಂಟೆ ಮೊದಲು ಗ್ರಾಹಕರಿಗೆ ಸಂದೇಶ ಹೋಗಬೇಕು. ಗ್ರಾಹಕರಿಗೆ ಇದು ಒಳ್ಳೆಯದೇ. ಆದರೆ ಅಭಿಮಾನಿ ಪ್ರತಿ ತಿಂಗಳೂ ಒಮ್ಮೆ ನಿಂತು, ಇದು ಬೇಕಾ ಬೇಡವಾ ಎಂದು ಯೋಚಿಸುವ ಘಳಿಗೆ ಅದು. ಒಬ್ಬೊಬ್ಬರೂ ಒಂದೊಂದು ತಾರೀಖಿಗೆ ಸೇರಿರುತ್ತಾರಾದ್ದರಿಂದ ಆ ಘಳಿಗೆ ಯಾರಿಗೆ ಯಾವಾಗ ಬರುತ್ತದೋ ಹೇಳಲಾಗದು. ತಿಂಗಳ ಮೊದಲ ವಾರವೇ ಎಲ್ಲವನ್ನೂ ಸುರಿದು ಉಳಿದ ಮೂರು ವಾರ ಮೌನವಾಗಿದ್ದರೆ, 25ನೇ ತಾರೀಖಿನವರಿಗೆ ಬೇಡ ಅನ್ನಿಸುವುದು ಸಹಜ. ಅದಕ್ಕೇ ಮೊದಲ ಭಾನುವಾರ 'ಕರಡು', ಎರಡನೆಯದಕ್ಕೆ ಊರಿನ ತುಣುಕು, ಮೂರನೆಯದಕ್ಕೆ ಲೈವ್, ನಾಲ್ಕನೆಯದಕ್ಕೆ ಒಂದು ಪ್ರಶ್ನೆ ಎಂದು ಹಂಚಿಕೊಂಡಿದ್ದೇನೆ.

ಆ ಪ್ರಶ್ನೆಯ ಪೋಸ್ಟ್ ನೋಡಲು ಚಿಕ್ಕದು, ನನಗೆ ಮಾತ್ರ ಬಹಳ ಉಪಕಾರಿ. "ನಿಮ್ಮೂರ ಮದುವೆ ಮನೆಯಲ್ಲಿ ಜಗಳ ಯಾವ ಪದಾರ್ಥಕ್ಕೆ ಶುರುವಾಗುತ್ತೆ?" ಎಂದು ಕೇಳಿದರೆ ಹಾಸನದವರು ಒಂದು ಹೇಳುತ್ತಾರೆ, ಬಾಗಲಕೋಟೆಯವರು ಇನ್ನೊಂದು, ಕುಂದಾಪುರದವರು ಮತ್ತೊಂದು. ನಾನು ಹುಟ್ಟಿ ಬೆಳೆದ ಸೀಮೆಯಾಚೆಗಿನ ಕನ್ನಡದ ಕಿವಿ ನನಗೆ ಸಿಕ್ಕಿದ್ದು ಹೀಗೆ. ಹುಬ್ಬಳ್ಳಿಯ ಒಬ್ಬ ಮೆಂಬರ್, "ಅಣ್ಣಾ, ನಮ್ಮ ಕಡೆ ಹಂಗ ಅನ್ನಂಗಿಲ್ರೀ" ಎಂದು ವಾಯ್ಸ್ ನೋಟ್‌ನಲ್ಲಿ ತಿದ್ದಿಕೊಟ್ಟಿದ್ದಾರೆ. ಅವರು ತಿದ್ದಿದ ಸಾಲು ಹುಬ್ಬಳ್ಳಿ ಶೋನಲ್ಲಿ ಚಪ್ಪಾಳೆ ತಂದಾಗ, ಇದು ಇವರದು ಎಂದು ವೇದಿಕೆಯಿಂದಲೇ ಹೇಳಿದೆ. ಆದರೆ ಯಾರಾದರೂ ಇಡೀ ಜೋಕನ್ನೇ ಬರೆದು ಕಳಿಸಿದರೆ ಬಳಸುವುದಿಲ್ಲ. ಯಾರ ಜೋಕು ಎಂಬ ತಕರಾರು ನಮ್ಮ ಕಸುಬಿನಲ್ಲಿ ಸಂಬಂಧಗಳನ್ನೇ ಮುರಿದಿದೆ. ಈ ನಿಯಮವನ್ನು ಮೆಂಬರ್‌ಶಿಪ್ ಪುಟದಲ್ಲೇ ಬರೆದಿದ್ದೇನೆ.

ಮೆಂಬರ್‌ಶಿಪ್ ಒಂದು ದಾರಿ. ಒಂದು ಗಂಟೆಯ ಪೂರ್ತಿ ಸ್ಪೆಷಲ್ ಅನ್ನು, ಅಂದರೆ ರೆಕಾರ್ಡ್ ಮಾಡಿದ ಇಡೀ ಶೋವನ್ನು, ನೇರವಾಗಿ ಮಾರುವುದು ಇನ್ನೊಂದು. 2011ರ ಡಿಸೆಂಬರ್‌ನಲ್ಲಿ ಅಮೆರಿಕದ ಹಾಸ್ಯಗಾರ ಲೂಯಿ ಸಿ.ಕೆ. ತನ್ನ ಸ್ಪೆಷಲ್ ಅನ್ನು ಯಾವ ಚಾನೆಲ್ಲಿಗೂ ಕೊಡದೆ ತನ್ನ ವೆಬ್‌ಸೈಟಿನಲ್ಲೇ ಐದು ಡಾಲರ್‌ಗೆ ಮಾರಿ, ಎರಡು ವಾರದೊಳಗೆ ಹತ್ತು ಲಕ್ಷ ಡಾಲರ್ ದಾಟಿಸಿದ. 2022ರಲ್ಲಿ ಆಂಡ್ರ್ಯೂ ಶುಲ್ಜ್ ತನ್ನ ಸ್ಪೆಷಲ್ ಅನ್ನು ಸ್ಟ್ರೀಮಿಂಗ್ ಸಂಸ್ಥೆಯಿಂದ ವಾಪಸ್ ಕೊಂಡು ತಾನೇ ಮಾರಿದ. ಅವರ ಪ್ರೇಕ್ಷಕ ಸಾಗರ ನಮಗಿಲ್ಲ. ಆದರೆ ಆ ಕ್ರಮ ನಮಗೂ ಹೊಂದುತ್ತದೆ: ಎರಡು ವರ್ಷ ಊರೂರು ಸುತ್ತಿ ಶೋ ಮಾಡಿ, ಆ ಒಂದು ಗಂಟೆಯನ್ನು ಇನ್ನು ವೇದಿಕೆಗೆ ತರುವುದಿಲ್ಲ ಎಂದು ನಿರ್ಧರಿಸಿದ ಮೇಲೆ ರೆಕಾರ್ಡ್ ಮಾಡಿ ಮಾರುವುದು. ಅಲ್ಲಿಯೂ ಅದೇ ನಿಯಮ. ವೇದಿಕೆಯಲ್ಲಿ ದುಡಿದು ಮುಗಿದ ಸರಕನ್ನೇ ಮಾರುತ್ತೇನೆ.

ನಾನು ಮಾಡಿದ್ದು ಇಷ್ಟು. ಎರಡು ಕ್ಯಾಮೆರಾ, ಒಳ್ಳೆಯ ಸೌಂಡ್. ಸೌಂಡಿಗೆ ಕ್ಯಾಮೆರಾಗಿಂತ ಹೆಚ್ಚು ದುಡ್ಡು ಹಾಕಿದೆ. ನಗು ಸರಿಯಾಗಿ ಕೇಳಿಸದಿದ್ದರೆ ಮನೆಯಲ್ಲಿ ಒಬ್ಬರೇ ಕೂತು ನೋಡುವವರು ನಗುವುದಿಲ್ಲ. ಆದ್ದರಿಂದ ಪ್ರೇಕ್ಷಕರ ಕಡೆಗೇ ಪ್ರತ್ಯೇಕ ಮೈಕ್ ಇಡಿಸಿದೆವು. ಪೇಮೆಂಟ್ ಗೇಟ್‌ವೇಯ ಒಂದು ಪುಟ ತೆರೆದು 199 ರೂಪಾಯಿ ಇಟ್ಟು, ದುಡ್ಡು ಬಂದ ಕೂಡಲೇ ಇಮೇಲ್‌ಗೆ ನೋಡುವ ಲಿಂಕ್ ಹೋಗುವ ಹಾಗೆ ಮಾಡಿದೆ. ಗೇಟ್‌ವೇ ಸುಮಾರು ಶೇ 2, ಅದರ ಮೇಲೆ ಜಿಎಸ್‌ಟಿ ಹಿಡಿದುಕೊಳ್ಳುತ್ತದೆ. ಶೇ 30ಕ್ಕೆ ಹೋಲಿಸಿದರೆ ಬಹಳ ಕಡಿಮೆ. ಆದರೆ ಲಿಂಕ್ ತೆರೆಯುತ್ತಿಲ್ಲ ಎಂದು ಬರುವ ಮೆಸೇಜ್‌ಗಳಿಗೆ ಉತ್ತರಿಸುವವರು ನಾವೇ. ಬಿಡುಗಡೆಯ ವಾರ ನನ್ನ ತಂಗಿ ರಜೆ ಹಾಕಿ ಅದಕ್ಕೇ ಕೂತಿದ್ದಳು. ಅವಳಿಗೆ ದಿನಗೂಲಿ ಲೆಕ್ಕ ಹಾಕಿ ಕೊಟ್ಟೆ. ಮನೆಯವರ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಲಾಭ ಎಷ್ಟು ಎಂಬುದು ಗೊತ್ತೇ ಆಗುವುದಿಲ್ಲ.

ಸಿನಿಮಾ ಹಾಡಿನ ಎರಡು ಸಾಲನ್ನು ಪ್ಲೇ ಮಾಡುವ ಬಿಟ್ ಒಂದಿತ್ತು. ಮಾರುವ ಸ್ಪೆಷಲ್‌ನಿಂದ ಅದನ್ನು ಪೂರ್ತಿ ತೆಗೆದೆ. ವೇದಿಕೆಯ ಮೇಲೆ ನಡೆದುಹೋಗುವುದು ಮಾರಾಟದ ವಿಡಿಯೊದಲ್ಲಿ ಹಕ್ಕುಸ್ವಾಮ್ಯದ ಪ್ರಶ್ನೆಯಾಗುತ್ತದೆ.

ಸೋರಿಕೆ ಬಗ್ಗೆ ಎಲ್ಲರೂ ಕೇಳುತ್ತಾರೆ. ಟೆಲಿಗ್ರಾಂ ಗುಂಪುಗಳಲ್ಲಿ ಬಂದೇ ಬರುತ್ತದೆ. ಕಂಡರೆ ದೂರು ಕೊಟ್ಟು ತೆಗೆಸುತ್ತೇನೆ, ಅದರ ಹಿಂದೆಯೇ ಓಡಾಡುವುದಿಲ್ಲ. 'ಕರಡು' ಸೋರಿದರೂ ನನ್ನ ಮುಂದಿನ ಶೋಗೆ ನಷ್ಟವಿಲ್ಲ. ಸರಕು ಆರಿಸುವಾಗಲೇ ಈ ಯೋಚನೆ ಮಾಡಿದ್ದರ ಫಲ ಅದು.

ಅದಕ್ಕಿಂತ ಮುಖ್ಯ ಇನ್ನೊಂದಿದೆ. ಹಾಸ್ಯಗಾರ ಸಮಯ್ ರೈನಾ ಅವರ 'ಇಂಡಿಯಾಸ್ ಗಾಟ್ ಲೇಟೆಂಟ್' ಎಂಬ ಶೋ ಯೂಟ್ಯೂಬ್ ಮೆಂಬರ್‌ಶಿಪ್‌ನ ಶಕ್ತಿ ಏನೆಂದು ಈ ದೇಶದ ಹಾಸ್ಯಗಾರರಿಗೆಲ್ಲ ತೋರಿಸಿತು. 2025ರ ಫೆಬ್ರವರಿಯಲ್ಲಿ ಅದರ ಒಂದು ತುಣುಕು ಹೊರಗೆ ಹರಿದಾಡಿ, ಅಶ್ಲೀಲವೆಂಬ ಆರೋಪ ಬಂದು, ಅಸ್ಸಾಂ, ಮಹಾರಾಷ್ಟ್ರಗಳಲ್ಲಿ ಪ್ರಕರಣ ದಾಖಲಾಗಿ, ಕೊನೆಗೆ ಕಂತುಗಳನ್ನೆಲ್ಲ ಚಾನೆಲ್‌ನಿಂದ ತೆಗೆಯಬೇಕಾಯಿತು. ದುಡ್ಡು ಕೊಟ್ಟವರು ಮಾತ್ರ ನೋಡುತ್ತಾರೆ ಎಂಬುದು ಕಾನೂನಿನ ಮುಂದೆ ರಕ್ಷಣೆಯಲ್ಲ. ಅಶ್ಲೀಲ ವಿಷಯ ಹರಡುವುದನ್ನು ಶಿಕ್ಷಿಸುವ ಐಟಿ ಕಾಯ್ದೆಯ 67ನೇ ಕಲಂ ಮೆಂಬರ್‌ಗಳ ವಿಡಿಯೊಗೂ ಅನ್ವಯಿಸುತ್ತದೆ. ಮೆಂಬರ್‌ಗಳಿಗೆ ಹಾಕುವ ಪ್ರತಿಯೊಂದನ್ನೂ, ನಾಳೆ ಇದರ ಮೂವತ್ತು ಸೆಕೆಂಡ್ ಕತ್ತರಿಸಿ ನಮ್ಮೂರಿನ ವಾಟ್ಸ್‌ಆ್ಯಪ್ ಗುಂಪಿಗೆ ಯಾರಾದರೂ ಹಾಕಿದರೆ ನಾನು ಇದರ ಪರವಾಗಿ ನಿಂತು ಮಾತಾಡಬಲ್ಲೆನೇ ಎಂದು ಯೋಚಿಸಿಯೇ ಹಾಕುತ್ತೇನೆ. ಅಂಜಿಕೆಯಿಂದಲ್ಲ. ಆಡಿದ ಮಾತಿಗೆ ನಿಲ್ಲುವುದೂ ಕಸುಬಿನ ಭಾಗ.

ಹೊರದೇಶದ ಕನ್ನಡಿಗರ ವಿಷಯ. 'ಅಕ್ಕ', 'ನಾವಿಕ'ದಂಥ ಅಮೆರಿಕದ ಕನ್ನಡ ಸಂಘಟನೆಗಳ ಸಮ್ಮೇಳನಗಳಿಗೆ, ಅಲ್ಲಿನ ಕನ್ನಡ ಕೂಟಗಳಿಗೆ ಹಾಸ್ಯಗಾರರನ್ನು ಕರೆಸುವ ಪದ್ಧತಿ ಹಳೆಯದು. ಆದರೆ ಕರೆ ಬರುವುದು ಕೆಲವರಿಗೆ, ಅದೂ ಅಪರೂಪಕ್ಕೆ. ಮೆಂಬರ್‌ಶಿಪ್‌ನಲ್ಲಿ ಅವರು ವರ್ಷವಿಡೀ ಜೊತೆಗಿರುತ್ತಾರೆ. ಲೈವ್ ಅನ್ನು ಭಾನುವಾರ ರಾತ್ರಿ ಎಂಟಕ್ಕೆ ಇಟ್ಟದ್ದು ಅವರಿಗಾಗಿ. ಜರ್ಮನಿಯಲ್ಲಿ ಮಧ್ಯಾಹ್ನ, ನ್ಯೂಜೆರ್ಸಿಯಲ್ಲಿ ಬೆಳಗ್ಗೆ. ಊಟಕ್ಕೆ ಕೂತು ಮಕ್ಕಳಿಗೆ ಕನ್ನಡ ಕೇಳಿಸುತ್ತೇವೆ ಎಂದು ಒಬ್ಬ ನರ್ಸ್ ಬರೆದಾಗಿನಿಂದ ಲೈವ್‌ನ ಮೊದಲ ಅರ್ಧ ಗಂಟೆಯನ್ನು ಮಕ್ಕಳು ಕೂತು ಕೇಳುವ ಹಾಗೆ ನಡೆಸುತ್ತೇನೆ.

ತೆರಿಗೆ ಕಡೆ ಎರಡು ಮಾತು. ಅಮೆರಿಕದ ವೀಕ್ಷಕರಿಂದ ಬರುವ ಯೂಟ್ಯೂಬ್ ಆದಾಯಕ್ಕೆ ಅಲ್ಲಿನ ತೆರಿಗೆ ಕಡಿತವಾಗುತ್ತದೆ. ಯೂಟ್ಯೂಬ್ ಹಣ ಬರುವ ಗೂಗಲ್ ಖಾತೆಯಾದ ಆ್ಯಡ್‌ಸೆನ್ಸ್‌ನಲ್ಲಿ ಡಬ್ಲ್ಯು-8ಬೆನ್ ಎಂಬ ಅಮೆರಿಕದ ತೆರಿಗೆ ಅರ್ಜಿ ತುಂಬಿ, ಭಾರತ-ಅಮೆರಿಕ ತೆರಿಗೆ ಒಪ್ಪಂದದ ಅನುಕೂಲ ಕೋರಿದರೆ ಅದು ಶೇ 15ಕ್ಕೆ ನಿಲ್ಲುತ್ತದೆ. ಮೆಂಬರ್‌ಶಿಪ್ ತೆರೆದ ದಿನವೇ ಮಾಡಿಬಿಡಿ. ಖಾತೆಯಲ್ಲಿ 100 ಡಾಲರ್ ತುಂಬುವವರೆಗೆ ಹಣ ಕೈಗೆ ಬರುವುದಿಲ್ಲ, ತುಂಬಿದ ಮೇಲೆ ಮುಂದಿನ ತಿಂಗಳ 21ರಿಂದ 26ರೊಳಗೆ ಬರುತ್ತದೆ. ನೇರ ಮಾರಾಟ, ಶೋ, ಕಾರ್ಪೊರೇಟ್ ಎಲ್ಲ ಸೇರಿ ವರ್ಷಕ್ಕೆ 20 ಲಕ್ಷದ ಹತ್ತಿರ ಬರುತ್ತಿದ್ದರೆ ಜಿಎಸ್‌ಟಿ ನೋಂದಣಿ ಬಗ್ಗೆ ಆಡಿಟರ್ ಹತ್ತಿರ ಮೊದಲೇ ಕೂತು ಮಾತಾಡಬೇಕು. ಕಾರ್ಪೊರೇಟ್ ಶೋಗಳವರು ಹಿಡಿದ ಶೇ 10 ಟಿಡಿಎಸ್ ಅನ್ನು ರಿಟರ್ನ್ಸ್ ಹಾಕಿ ವಾಪಸ್ ಪಡೆಯದೆ ಬಿಟ್ಟ ಗೆಳೆಯರು ನನಗೆ ಗೊತ್ತು. ಬೆವರು ಸುರಿಸಿದ ದುಡ್ಡು ಅದು.

ಈಚೆಗೆ ಹೊಸ ಹುಡುಗ ಹುಡುಗಿಯರು ಓಪನ್ ಮೈಕ್ ಮುಗಿದ ಮೇಲೆ ಹತ್ತಿರ ಬಂದು, "ಅಣ್ಣ, ಯಾವಾಗ ಶುರು ಮಾಡ್ಬೇಕು?" ಎಂದು ಕೇಳುತ್ತಾರೆ. ಸಬ್‌ಸ್ಕ್ರೈಬರ್ ಎಷ್ಟಿದ್ದಾರೆ ಎಂದು ನಾನು ವಿಚಾರಿಸುವುದಿಲ್ಲ. ಫೋನಿನಲ್ಲಿ ಹಳೆಯ ಆಡಿಯೊಗಳನ್ನು ಉಳಿಸಿಕೊಂಡಿದ್ದೀಯಾ ಎಂದು ಕೇಳುತ್ತೇನೆ. ಬಿದ್ದ ಸೆಟ್‌ಗಳದ್ದು, ನಿಂತ ಸೆಟ್‌ಗಳದ್ದು, ತಾರೀಖು ಮತ್ತು ಜಾಗದ ಹೆಸರು ಹಾಕಿ ಜೋಡಿಸಿಟ್ಟವು. ಮೂರು ತಿಂಗಳಿಗಾಗುವಷ್ಟು ಕಂತು ಎಡಿಟ್ ಆಗಿ ಕೈಲಿದ್ದರೆ ಬಟನ್ ತೆರೆ, ಇಲ್ಲದಿದ್ದರೆ ಇವತ್ತಿನಿಂದಲೇ ರೆಕಾರ್ಡ್ ಮಾಡಲು ಶುರು ಮಾಡು ಎನ್ನುತ್ತೇನೆ. ಕಳೆದ ಸಲ ಹಾಗೆ ಕೇಳಿದ ಮಂಡ್ಯದ ಹುಡುಗಿ ಒಂದೂ ಉಳಿಸಿಕೊಂಡಿರಲಿಲ್ಲ. ಮುಂದಿನ ವಾರ ಬಂದಾಗ ಫೋನ್ ರೆಕಾರ್ಡಿಂಗಿಗಿಟ್ಟು, ಮೊದಲ ಸಾಲಿನ ಕುರ್ಚಿಯ ಮೇಲೆ ಮಲಗಿಸಿ, ಆಮೇಲೆ ಮೈಕ್ ಹಿಡಿದಳು.